‘ಮ್ಯಾಥ್ಸ್ ನಮಗೆ ಬಿಡಿ’ ಎಂದ ಮಹಾನುಭಾವರಿಗೆ

ಶ್ರೀಯುತ ಅಡ್ಮಿಷನ್ ಕನ್ಸಲ್ಟೆಂಟ್ ಮಹಾಶಯರ ಸನ್ನಿಧಾನಕ್ಕೆ, ಚಿಕ್ಕಬಳ್ಳಾಪುರ ಜಿಲ್ಲೆಯ ಒಬ್ಬ ನಿವೃತ್ತ ಗಣಿತ ಉಪನ್ಯಾಸಕ ಮಾಡುವ ಅನಂತ ನಮಸ್ಕಾರಗಳು. ಉಭಯ ಕುಶಲೋಪರಿ ಸಾಂಪ್ರತ. ತಾವಂತೂ ಕುಶಲವಾಗಿಯೇ ಇರುತ್ತೀರಿ. ಪಿಯುಸಿ ಫಲಿತಾಂಶ ಬಂದ ವಾರದಲ್ಲಿ ತಮ್ಮ ಕುಶಲಕ್ಕೆ ಕುಂದು ಬಂದದ್ದನ್ನು ಈ ಜಿಲ್ಲೆಯಲ್ಲಿ ಯಾರೂ ಕಂಡಿಲ್ಲ.

ಮೊದಲು ಅಭಿನಂದನೆ ಸ್ವೀಕರಿಸಬೇಕು. ನಮ್ಮೂರಿನ ರೇಷ್ಮೆ ಬೆಳೆಗಾರರೊಬ್ಬರ ಮಗಳಿಗೆ ದ್ವಿತೀಯ ಪಿಯುಸಿ ಗಣಿತದಲ್ಲಿ 24 ಬಂದಿದೆ ಎಂಬ ಸಮಾಚಾರ ಅವಳ ಸ್ವಂತ ಅಜ್ಜಿಗೆ ತಿಳಿಯುವ ಮೊದಲೇ ತಮ್ಮ ಕಚೇರಿಗೆ ತಿಳಿದಿತ್ತು. ಅವಳಪ್ಪನ ಮೊಬೈಲ್ ನಂಬರೂ ತಿಳಿದಿತ್ತು. ಫೋನ್ ಮಾಡಿದ ತಮ್ಮ ಸಿಬ್ಬಂದಿ ಮೊದಲು ಆಡಿದ ಮಾತು, “ಕಂಗ್ರಾಜುಲೇಷನ್ಸ್ ಸರ್!” ಮಗಳು ನಪಾಸಾದ ಮನೆಗೆ ಫೋನ್ ಮಾಡಿ ಅಭಿನಂದನೆ ಹೇಳಬೇಕಾದರೆ ಎದೆಗಾರಿಕೆ ಬೇಕು. ಎರಡನೆಯ ಮಾತು, “ಮ್ಯಾಥ್ಸ್ ಬಗ್ಗೆ ತಲೆ ಕೆಡಿಸ್ಕೋಬೇಡಿ ಸರ್, ಅದನ್ನ ನಮಗೆ ಬಿಡಿ.” ನಾನು ಸರ್ವೀಸಿನುದ್ದಕ್ಕೂ ಮಕ್ಕಳಿಗೆ ‘ಗಣಿತದ ಬಗ್ಗೆ ಸ್ವಲ್ಪ ತಲೆ ಕೆಡಿಸಿಕೊಳ್ಳಿ’ ಎಂದು ಹೇಳುತ್ತಲೇ ಇದ್ದೆ. ಸಂಬಳ ಬಂತು, ಈಗ ಪೆನ್ಷನ್ ಬರುತ್ತಿದೆ. ಕೆಡಿಸಿಕೊಳ್ಳಬೇಡಿ ಎಂದು ಹೇಳುವುದರಲ್ಲಿ ಇಷ್ಟೊಂದು ಕಾಸಿದೆ ಎಂದು ಇಲಾಖೆಯಲ್ಲಿ ಯಾರೂ ಬಾಯಿ ಬಿಡಲಿಲ್ಲ.

ಬೆಳೆಗಾರರ ಜೊತೆ ನಾನೂ ತಮ್ಮ ಕಚೇರಿಗೆ ಬಂದಿದ್ದೆ. ಏಸಿ, ಬಾಟಲಿ ನೀರು, ಗಾಜಿನ ಬಾಗಿಲು, ಗೋಡೆಯ ಮೇಲೆ ಮೂವರು ಮಹನೀಯರ ಭಾವಚಿತ್ರ. ಬಲಕ್ಕೆ ಸರ್ ಎಂ. ವಿಶ್ವೇಶ್ವರಯ್ಯ. ಇದು ಸರಿಯಾಗಿಯೇ ಇದೆ, ಅವರ ಹುಟ್ಟೂರು ಮುದ್ದೇನಹಳ್ಳಿ ನಮ್ಮ ಜಿಲ್ಲೆಯದೇ. ಆದರೆ ಅವರು ಮನೆಪಾಠ ಹೇಳಿಕೊಟ್ಟು ಖರ್ಚು ನಿಭಾಯಿಸಿಕೊಂಡು 1881ರಲ್ಲಿ ಸೆಂಟ್ರಲ್ ಕಾಲೇಜಿನಿಂದ ಬಿ.ಎ. ಮುಗಿಸಿ, ಆಮೇಲೆ ಪುಣೆಗೆ ಹೋಗಿ ಎಂಜಿನಿಯರಾದವರು ಎಂಬುದನ್ನು ಚಿತ್ರದ ಕೆಳಗೆ ಬರೆಸಿಲ್ಲ. ಬರೆಸಿದರೆ ತಮ್ಮ ವ್ಯಾಪಾರಕ್ಕೆ ಪೆಟ್ಟು, ಅರ್ಥವಾಗುತ್ತದೆ.

ನಡುವೆ ಐನ್‌ಸ್ಟೀನ್. “ಐನ್‌ಸ್ಟೀನ್ ಕೂಡ ಮ್ಯಾಥ್ಸಲ್ಲಿ ಫೇಲ್ ಆಗಿದ್ರು ಸರ್” ಎಂದ ತಮ್ಮ ಕಚೇರಿಯ ಹುಡುಗ. 1895ರಲ್ಲಿ ಜ್ಯೂರಿಕ್ ಪಾಲಿಟೆಕ್ನಿಕ್‌ನ ಪ್ರವೇಶ ಪರೀಕ್ಷೆಗೆ ಕೂತಾಗ ಐನ್‌ಸ್ಟೀನ್‌ಗೆ 16 ವರ್ಷ. ಆ ಪರೀಕ್ಷೆಗೆ ಅದು ಎಳೆಯ ವಯಸ್ಸು. ಗಣಿತ, ಭೌತಶಾಸ್ತ್ರಗಳಲ್ಲಿ ಬಲು ಚೆನ್ನಾಗಿ ಮಾಡಿದ ಹುಡುಗ ಭಾಷೆ ಮೊದಲಾದ ಸಾಮಾನ್ಯ ವಿಷಯಗಳಲ್ಲಿ ಕೈಬಿಟ್ಟ. ಆಮೇಲೆ ಏನು ಮಾಡಿದ ಗೊತ್ತೆ? ಆರಾವ್ ಎಂಬ ಊರಿನ ಶಾಲೆಗೆ ಸೇರಿ ಒಂದು ವರ್ಷ ಓದಿ, 1896ರಲ್ಲಿ ಅದೇ ಜ್ಯೂರಿಕ್‌ಗೆ ಹೋಗಿ ಸೇರಿಕೊಂಡ. ಆ ಊರಲ್ಲಿ ತಮ್ಮಂಥವರು ಒಬ್ಬರೂ ಇರಲಿಲ್ಲವೇನೋ, ಪಾಪ.

ಎಡಕ್ಕೆ ರಾಮಾನುಜನ್. ಇವರು ಮಾತ್ರ ನಿಜವಾಗಿ ಫೇಲಾದವರು. ಕುಂಭಕೋಣದ ಸರ್ಕಾರಿ ಕಾಲೇಜಿನಲ್ಲಿ ವಿದ್ಯಾರ್ಥಿವೇತನ ಕಳೆದುಕೊಂಡರು, ಮದ್ರಾಸಿನ ಪಚ್ಚಯ್ಯಪ್ಪ ಕಾಲೇಜಿಗೆ ಹೋಗಿಯೂ ಎಫ್.ಎ. ಪರೀಕ್ಷೆ ದಾಟಲಿಲ್ಲ. ಗಣಿತ ಒಂದನ್ನು ಬಿಟ್ಟು ಬೇರೆ ಯಾವುದನ್ನೂ ಓದಲು ಮನಸ್ಸಾಗದೆ ಫೇಲಾದ ಮಹಾನುಭಾವ ಅವರು. ಡಿಗ್ರಿ ಇಲ್ಲದೆಯೇ 1914ರಲ್ಲಿ ಕೇಂಬ್ರಿಜ್‌ಗೆ ಹೋದರು. ಎರಡು ವರ್ಷದಲ್ಲಿ ಕೇಂಬ್ರಿಜ್ ತಾನಾಗಿ ಪದವಿ ಕೊಟ್ಟಿತು. ಗಣಿತವೊಂದು ಬಿಟ್ಟು ಮಿಕ್ಕದ್ದೆಲ್ಲ ಬರುವವರಿಗೆ ಸೀಟು ಕೊಡಿಸುವ ಅಂಗಡಿಯಲ್ಲಿ, ಗಣಿತವೊಂದು ಬಿಟ್ಟು ಮಿಕ್ಕದ್ದೇನೂ ಬೇಡವೆಂದವರ ಫೋಟೊ! ಹಾರ ಬೇರೆ ಹಾಕಿದ್ದೀರಿ, ಪ್ಲಾಸ್ಟಿಕ್ಕಿನದು.

ಇರಲಿ, ವಿಷಯಕ್ಕೆ ಬರುತ್ತೇನೆ. ತಮ್ಮ ಟೇಬಲ್ಲಿನ ಎದುರು ಕೂತ ತಂದೆತಾಯಿಗಳಿಗೆ ಎಂಜಿನಿಯರಿಂಗ್‌ನ ಗಣಿತದ ಷರತ್ತು ಒಂದು ಕೋಟೆಗೋಡೆಯ ಹಾಗೆ, ತಾವು ಏಣಿಯ ಮಾಲೀಕರು. ಗೋಡೆಯ ಎತ್ತರವನ್ನು ನಾನೊಮ್ಮೆ ಅಳೆದು ನೋಡಿದೆ. ನಮ್ಮ ರಾಜ್ಯದಲ್ಲಿ ಬಿ.ಇ.ಗೆ ಸೇರಲು ಗಣಿತ, ಭೌತ, ಜೊತೆಗೆ ರಸಾಯನದಂಥ ಇನ್ನೊಂದು ವಿಷಯ, ಮೂರೂ ಪಾಸಾಗಿ, ಮೂರೂ ಸೇರಿ ನೂರಕ್ಕೆ 45 ಬಂದರೆ ಸಾಕು. ಮೀಸಲಾತಿ ಇರುವವರಿಗೆ 40. ಮೂರೂ ‘ಸೇರಿ’, ಅದನ್ನು ಗಮನಿಸಬೇಕು. 300ಕ್ಕೆ 135. ಭೌತ, ರಸಾಯನಕ್ಕೆ ಪ್ರಾಕ್ಟಿಕಲ್ 30 ಅಂಕ ಇದೆ. ಪ್ರಾಕ್ಟಿಕಲ್‌ನಲ್ಲಿ ಮಕ್ಕಳ ಹೊಟ್ಟೆಗೆ ಹೊಡೆಯುವ ಉಪನ್ಯಾಸಕರು ನಮ್ಮಲ್ಲಿ ವಿರಳ. ಎರಡರಲ್ಲೂ 50 ತಂದವರು ಗಣಿತದಲ್ಲಿ 35 ತಂದರೆ ಲೆಕ್ಕ ಚುಕ್ತಾ. ಆ 35ರಲ್ಲೂ 20ರವರೆಗೆ ಆಂತರಿಕ ಮೌಲ್ಯಮಾಪನದ ಅಂಕ ಸೇರಿರುತ್ತದೆ. ಇನ್ನು 35 ಎಂಬ ನಮ್ಮ ಕಾಲದ ಗಡಿಕಲ್ಲನ್ನೇ 33ಕ್ಕೆ ಸರಿಸಲು 2025ರಲ್ಲಿ ಸರ್ಕಾರ ತೀರ್ಮಾನಿಸಿತು. ಹೀಗಿರುವಾಗ ಅದನ್ನು ಕೋಟೆಯೆಂದು ನಂಬಿಸಿ ಏಣಿ ಮಾರುವುದೆಂದರೆ ಸಾಮಾನ್ಯ ಪ್ರತಿಭೆಯಲ್ಲ.

ಸಿಇಟಿಯನ್ನಾದರೂ ಕಷ್ಟವೆನ್ನೋಣವೇ? ಗಣಿತಕ್ಕೆ 60 ಪ್ರಶ್ನೆ, ಒಂದೊಂದಕ್ಕೆ ನಾಲ್ಕು ಆಯ್ಕೆ, ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ. ನಮ್ಮೂರ ದೇವಸ್ಥಾನದ ಬಸವನ ಗೊರಸಿಗೆ ಪೆನ್ನು ಕಟ್ಟಿ ಓಎಂಆರ್ ಹಾಳೆಯ ಮುಂದೆ ನಿಲ್ಲಿಸಿದರೂ ಸರಾಸರಿ 15 ಅಂಕ ಬಂದೇ ಬರಬೇಕು, ಸಂಭವನೀಯತೆಯ ಪಾಠ ಹಾಗೆನ್ನುತ್ತದೆ. ಅಂದರೆ ಆ ಹುಡುಗಿ ಪಿಯುಸಿ ಗಣಿತದಲ್ಲಿ ಗಳಿಸಿದ 24, ಕಣ್ಣು ಮುಚ್ಚಿ ಟಿಕ್ ಹಾಕಿದ ಬಸವನ ಶೇಕಡಾ 25ಕ್ಕಿಂತ ಒಂದು ಕಡಿಮೆ. ಈ ಲೆಕ್ಕ ಹೇಳಿದಾಗ ಅವಳು ಬಹಳ ಹೊತ್ತು ನಕ್ಕಳು. ಫಲಿತಾಂಶ ಬಂದ ಮೇಲೆ ಮೊದಲ ಸಲ ನಕ್ಕದ್ದಂತೆ, ಅವಳಮ್ಮ ಹೇಳಿದರು.

ಎಲ್ಲ ಪಾಪವನ್ನೂ ತಮ್ಮ ತಲೆಗೇ ಕಟ್ಟುವುದು ನ್ಯಾಯವಲ್ಲ. ಗಣಿತವನ್ನು ಬಾಗಿಲಲ್ಲೇ ನಿಲ್ಲಿಸಿ ಮಕ್ಕಳನ್ನು ಒಳಗೆ ಬಿಟ್ಟುಕೊಳ್ಳುವ ಕಲೆಯಲ್ಲಿ ತಮಗೆ ದೊಡ್ಡ ದೊಡ್ಡ ಗುರುಗಳಿದ್ದಾರೆ. 2021ರ ಮಾರ್ಚ್‌ನಲ್ಲಿ ತಾಂತ್ರಿಕ ಶಿಕ್ಷಣದ ನಿಯಮ ರೂಪಿಸುವ ಎಐಸಿಟಿಇ ಒಂದು ಕೈಪಿಡಿ ತಂದಿತು. ಬಿ.ಇ., ಬಿ.ಟೆಕ್.ಗೆ ಸೇರಲು 14 ವಿಷಯಗಳ ಪಟ್ಟಿಯಲ್ಲಿ ಯಾವುದಾದರೂ ಮೂರು ಪಾಸಾಗಿದ್ದರೆ ಸಾಕು ಎಂದಿತು. ಪಟ್ಟಿಯಲ್ಲಿ ಗಣಿತವೂ ಇತ್ತು. ಕೃಷಿ, ಬಿಸಿನೆಸ್ ಸ್ಟಡೀಸ್, ಎಂಟರ್‌ಪ್ರೆನರ್‌ಶಿಪ್ಪೂ ಇದ್ದವು. ಗಣಿತ ಬಾರದವರಿಗೆ ಬ್ರಿಡ್ಜ್ ಕೋರ್ಸ್. ಎರಡು ವರ್ಷದಲ್ಲಿ ನಮ್ಮಿಂದ ಕಲಿಸಲಾಗದ್ದನ್ನು ಬ್ರಿಡ್ಜ್ ಕೋರ್ಸಿನಲ್ಲಿ ಕಲಿಸುವವರ ವಿಳಾಸ ಸಿಕ್ಕರೆ ನಾನೂ ಹೋಗಿ ಪಾದ ಮುಟ್ಟಿ ಬರಬೇಕೆಂದಿದ್ದೆ. ದೇಶವಿಡೀ ಗಲಾಟೆಯಾಯಿತು. ಮೆಕ್ಯಾನಿಕಲ್, ಎಲೆಕ್ಟ್ರಿಕಲ್‌ನಂಥವಕ್ಕೆ ಗಣಿತ ಬೇಕೇ ಬೇಕು, ಬೇಡವಾದೀತು ಎಂದದ್ದು ಬಯೋಟೆಕ್, ಟೆಕ್ಸ್‌ಟೈಲ್‌ನಂಥ ಕೆಲವಕ್ಕೆ ಮಾತ್ರ ಎಂದು ಸಮಜಾಯಿಷಿ ಬಂತು. ಮಾರನೆಯ ವರ್ಷದ ಕೈಪಿಡಿಯಲ್ಲಿ ಕೆಲವೇ ಶಾಖೆಗಳಿಗೆ ಆ ವಿನಾಯಿತಿ ಉಳಿಯಿತು. ತಮ್ಮ ಕರಪತ್ರದಲ್ಲಿ ಮಾತ್ರ 2021ರ ಮಾರ್ಚ್ ಇನ್ನೂ ಮುಗಿದಿಲ್ಲ. ‘ಎಐಸಿಟಿಇ ಪ್ರಕಾರ ಮ್ಯಾಥ್ಸ್ ಕಡ್ಡಾಯವಲ್ಲ’ ಎಂದು ಕೆಂಪಕ್ಷರದಲ್ಲಿ ಇದೆ, ಕೆಳಗೆ ಕಂಪ್ಯೂಟರ್ ಸೈನ್ಸ್ ಹುಡುಗಿಯೊಬ್ಬಳು ಲ್ಯಾಪ್‌ಟಾಪ್ ತಬ್ಬಿಕೊಂಡು ನಿಂತಿದ್ದಾಳೆ.

2024ರ ಎಸ್ಸೆಸ್ಸೆಲ್ಸಿ ಇನ್ನೊಂದು ಪಾಠ. ಪರೀಕ್ಷಾ ಕೊಠಡಿಗಳಿಗೆ ಕ್ಯಾಮೆರಾ ಇಟ್ಟು ವೆಬ್‌ಕಾಸ್ಟಿಂಗ್ ಮಾಡಿದರು. ಫಲಿತಾಂಶ ಎಷ್ಟು ಕುಸಿಯಿತೆಂದರೆ ಶೇಕಡಾ 20ರಷ್ಟು ಕೃಪಾಂಕ ಕೊಟ್ಟು, ಅದಕ್ಕೆ ಬೇಕಾದ ಅರ್ಹತೆಯನ್ನು 35ರಿಂದ 25ಕ್ಕೆ ಇಳಿಸಿದರು. ಇಷ್ಟಾದ ಮೇಲೂ ಪಾಸಾದವರು ಶೇಕಡಾ 73.40. ವೆಬ್‌ಕಾಸ್ಟಿಂಗ್ ಇಲ್ಲದ ಹಿಂದಿನ ವರ್ಷ 83.89. ಎರಡು ಸಂಖ್ಯೆಗಳ ನಡುವಿನ ವ್ಯತ್ಯಾಸ ಎಲ್ಲಿಂದ ಬರುತ್ತಿತ್ತೆಂದು ಪರೀಕ್ಷಾ ಕೊಠಡಿಯ ಕಿಟಕಿಗಳಿಗೆ ಗೊತ್ತು. ಆ ಮಕ್ಕಳೇ ಎರಡು ವರ್ಷದ ಮೇಲೆ ಪಿಯುಸಿ ಮುಗಿಸುತ್ತಾರೆ, ತಮ್ಮ ಫೋನಿನ ಪಟ್ಟಿ ಸೇರುತ್ತಾರೆ.

ಸೀಟು ಮಾರುವುದು ಈ ನಾಡಿಗೆ ಹೊಸದಲ್ಲ ಎಂಬುದೂ ನಿಜ. ಡೊನೇಷನ್ನಿಗೆ ಕಡಿವಾಣ ಹಾಕಲು 1984ರಲ್ಲೇ ಕ್ಯಾಪಿಟೇಷನ್ ಶುಲ್ಕ ನಿಷೇಧ ಕಾಯ್ದೆ ಮಾಡಿದ ರಾಜ್ಯ ನಮ್ಮದು. 1992ರಲ್ಲಿ ಮೋಹಿನಿ ಜೈನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಛೀಮಾರಿ ಹಾಕಿದ್ದೂ ಕರ್ನಾಟಕದ ಶುಲ್ಕದ ವಿಚಾರಕ್ಕೇ. ಡಾಕ್ಟರಾಗಬೇಕೆಂದ ಹೊರರಾಜ್ಯದ ಹುಡುಗಿಗೆ ಆಗ ಕೇಳಿದ್ದು ವರ್ಷಕ್ಕೆ 60,000 ರೂಪಾಯಿ. ತಮ್ಮ ಇವತ್ತಿನ ದರಪಟ್ಟಿಯ ಪಕ್ಕದಲ್ಲಿಟ್ಟು ನೋಡಿದರೆ ಕಣ್ಣಂಚು ಒದ್ದೆಯಾಗುತ್ತದೆ. ಕಾಯ್ದೆ ಇನ್ನೂ ಇದೆ, ಡೊನೇಷನ್ ಎಂಬ ಮಾತು ಮಾತ್ರ ತಮ್ಮ ಕಚೇರಿಯಲ್ಲಿ ಕೇಳಿಸುವುದಿಲ್ಲ. ‘ಪ್ಯಾಕೇಜ್’ ಎನ್ನುತ್ತಾರೆ, ಸ್ವಲ್ಪ ಸಲುಗೆ ಬೆಳೆದ ಮೇಲೆ ‘ಅಮೌಂಟ್’.

ಆದರೆ ಮ್ಯಾನೇಜ್‌ಮೆಂಟ್ ಕೋಟಾದ ಸೀಟಿಗೂ ಗಣಿತ ಪಾಸಾಗಿರಲೇಬೇಕಲ್ಲ, ಇವಳಿಗೆ 24 ಬಂದಿದೆಯಲ್ಲ ಎಂದು ನಾನು ಕೇಳಿದ್ದಕ್ಕೆ ತಮ್ಮ ಹುಡುಗ ಕೊಟ್ಟ ಉತ್ತರ ನನ್ನ ಕಿವಿಯಲ್ಲೇ ಇದೆ. “ಪ್ರೊವಿಷನಲ್ ಅಡ್ಮಿಷನ್ ಮಾಡಿಸ್ತೀವಿ ಸರ್. ಫಸ್ಟ್ ಇಯರ್ ಫೀಸ್ ಕಟ್ಟಿಬಿಡಿ. ಮಾರ್ಕ್ಸ್ ಕಾರ್ಡ್ ಬೇರೆ ಬೋರ್ಡಿಂದ ಅರೇಂಜ್ ಆಗುತ್ತೆ.” ಯಾವ ಬೋರ್ಡು ಎಂದೆ. ಉತ್ತರ ಭಾರತದ ಕಡೆ ಕೈ ಬೀಸಿದ. ಹುಡುಗಿ ಆ ಬೋರ್ಡಿನ ಪರೀಕ್ಷೆ ಬರೆಯುವುದು ಯಾವಾಗ ಎಂದೆ. “ಅದೆಲ್ಲ ಬೇಕಾಗಲ್ಲ ಸರ್.” ವಿಶ್ವವಿದ್ಯಾಲಯದವರು ಅಂಕಪಟ್ಟಿ ತಾಳೆ ನೋಡುವ ದಿನ ಅವಳ ಗತಿ ಏನು ಎಂದು ಕೇಳುವಷ್ಟರಲ್ಲಿ ಕಾಫಿ ಬಂತು. ಕಾಫಿ ಚೆನ್ನಾಗಿತ್ತು.

ತಮ್ಮ ಕಚೇರಿಯಲ್ಲಿ ಆ ಒಂದು ಗಂಟೆಯಲ್ಲಿ ಯಾರ ಬಾಯಿಂದಲೂ ಬಾರದ ಕೆಲವು ಮಾತುಗಳಿವೆ. ಈಗ ದ್ವಿತೀಯ ಪಿಯುಸಿಗೆ ಒಂದೇ ವರ್ಷದಲ್ಲಿ ಪರೀಕ್ಷೆ-1, ಪರೀಕ್ಷೆ-2 ಎಂದು ಒಂದಕ್ಕಿಂತ ಹೆಚ್ಚು ಪರೀಕ್ಷೆಗಳಿವೆ. ಬಿದ್ದ ವಿಷಯ ಮತ್ತೆ ಬರೆಯಬಹುದು, ಯಾವುದರಲ್ಲಿ ಹೆಚ್ಚು ಬಂತೋ ಅದೇ ಲೆಕ್ಕಕ್ಕೆ. ‘ಸಪ್ಲಿಮೆಂಟರಿ’ ಎಂಬ ಮುದ್ರೆಯೂ ಇಲ್ಲ. ಎಸ್ಸೆಸ್ಸೆಲ್ಸಿ ಮೇಲೆ ಮೂರು ವರ್ಷದ ಡಿಪ್ಲೊಮಾ ಮಾಡಿ, ಡಿಸಿಇಟಿ ಎಂಬ ಪ್ರವೇಶ ಪರೀಕ್ಷೆ ಬರೆದು, ನೇರ ಎರಡನೇ ವರ್ಷದ ಬಿ.ಇ.ಗೆ ಸೇರುವ ದಾರಿಯೂ ಇದೆ. ಆ ದಾರಿಯಲ್ಲಿ ಬಂದವರಿಗೆ ವಿಟಿಯು ಹೆಚ್ಚುವರಿ ಗಣಿತವನ್ನು ಪ್ರತ್ಯೇಕ ಓದಿಸುತ್ತದೆ. ‘ಡಿಪ್ ಮ್ಯಾಥ್ಸ್’ ಎಂದು ಹುಡುಗರು ಬೈದುಕೊಳ್ಳುತ್ತಲೇ ಪಾಸು ಮಾಡುತ್ತಾರೆ. ನಾನು ಕಂಡ ಒಳ್ಳೆಯ ಎಂಜಿನಿಯರುಗಳಲ್ಲಿ ಆ ದಾರಿ ಹಿಡಿದವರು ಬೇಕಾದಷ್ಟು ಮಂದಿ. ಇವುಗಳಲ್ಲಿ ತಮಗೆ ಕಮಿಷನ್ ಗಿಟ್ಟುವುದಿಲ್ಲ, ಹಾಗಾಗಿ ತಮಗೆ ನೆನಪಾಗದಿರುವುದು ಸಹಜ.

ಗಣಿತವನ್ನು ತಮಗೆ ಬಿಟ್ಟು ಒಳಗೆ ಹೋದ ಮಕ್ಕಳನ್ನು ಗಣಿತ ಬಿಡುತ್ತದೆಯೇ? ಅದು ಎಂ-1, ಎಂ-2, ಎಂ-3 ಎಂದು ಹೆಸರು ಬದಲಿಸಿಕೊಂಡು ಸೆಮಿಸ್ಟರಿಗೊಮ್ಮೆ ಬಾಗಿಲು ತಟ್ಟುತ್ತದೆ. ನಾನು ಸಂಜೆ ಮನೆಯಲ್ಲಿ ಒಂದಿಷ್ಟು ಮಕ್ಕಳಿಗೆ ಹೇಳಿಕೊಡುತ್ತೇನೆ. ಕೊನೆಯ ವರ್ಷದ ಬಿ.ಇ. ಹುಡುಗನೊಬ್ಬ ಬರುತ್ತಾನೆ, ಎಂ-2 ಇನ್ನೂ ಬ್ಯಾಕ್ ಇದೆ. ಹಿಂದೊಮ್ಮೆ ಅವನಿಗೂ ಯಾರೋ ಹೀಗೆಯೇ ‘ನಮಗೆ ಬಿಡಿ’ ಎಂದಿದ್ದರಂತೆ. ಅವನಪ್ಪ ಟೊಮೆಟೊ ಬೆಳೆದ ದುಡ್ಡೆಲ್ಲ ಸುರಿದಿದ್ದಾರೆ. ಹುಡುಗ ಲಾಪ್ಲಾಸ್ ಟ್ರಾನ್ಸ್‌ಫಾರ್ಮ್ ಕೇಳಲು ಬಂದವನು ಪಾರ್ಷಿಯಲ್ ಫ್ರಾಕ್ಷನ್ ಹತ್ತಿರ ನಿಂತ. ಅದಕ್ಕೆ ಅಪವರ್ತನ ಬೇಕು, ಅಪವರ್ತನಕ್ಕೆ ಮಗ್ಗಿ ಬೇಕು. ಕೊನೆಗೆ ನಾವಿಬ್ಬರೂ ಒಂಬತ್ತನೇ ತರಗತಿಯ ಪುಸ್ತಕ ಹುಡುಕಿಕೊಂಡು ಕೂತೆವು. ಅವನು ದಡ್ಡನಲ್ಲ. ಮೊಬೈಲ್ ಬಿಚ್ಚಿ ರಿಪೇರಿ ಮಾಡುತ್ತಾನೆ. ಅವನು ಎಲ್ಲಿ ಮುಗ್ಗರಿಸಿದ್ದಾನೆಂದು ಇಷ್ಟು ವರ್ಷ ಯಾರೂ ಬಗ್ಗಿ ನೋಡಿರಲಿಲ್ಲ, ಅಷ್ಟೆ.

ಆ ರೇಷ್ಮೆ ಬೆಳೆಗಾರರ ಮಗಳ ವಿಷಯದಲ್ಲಿ ನಾನು ಬಗ್ಗಿ ನೋಡಿದೆ. ಪರೀಕ್ಷಾ ಮಂಡಳಿಗೆ ಶುಲ್ಕ ಕಟ್ಟಿದರೆ ಉತ್ತರ ಪತ್ರಿಕೆಯ ಸ್ಕ್ಯಾನ್ ಪ್ರತಿ ಕೊಡುತ್ತಾರೆ, ತರಿಸಿಕೊಂಡೆವು. ಮ್ಯಾಟ್ರಿಕ್ಸ್ ವಿಧಾನದಿಂದ ಸಮೀಕರಣ ಬಿಡಿಸುವ ಐದು ಅಂಕದ ಲೆಕ್ಕದಲ್ಲಿ ಡಿಟರ್ಮಿನೆಂಟ್ ಸರಿಯಾಗಿ ತೆಗೆದಿದ್ದಾಳೆ, ಎರಡು ಕೋಫ್ಯಾಕ್ಟರುಗಳ ಚಿಹ್ನೆ ತಪ್ಪಿದೆ, ಮುಂದಿನದೆಲ್ಲ ಆ ತಪ್ಪನ್ನೇ ನಿಷ್ಠೆಯಿಂದ ಹಿಂಬಾಲಿಸಿದೆ. ಲೀನಿಯರ್ ಪ್ರೋಗ್ರಾಮಿಂಗ್‌ನ ಗ್ರಾಫು ನೋಡಿದರೆ ಕಣ್ಣಿಗೆ ಹಬ್ಬ. ಸ್ಕೇಲು ಬರೆದಿದ್ದಾಳೆ, ಪೆನ್ಸಿಲ್ ಚೂಪು ಮಾಡಿ ಗೆರೆ ಎಳೆದಿದ್ದಾಳೆ, ಎರಡೂ ರೇಖೆಗಳು ಸರಿಯಾದ ಬಿಂದುವಿನಲ್ಲಿ ಸೇರಿವೆ. ನೆರಳು ಹಚ್ಚಿದ್ದು ಮಾತ್ರ ರೇಖೆಯ ಆಚೆ ಬದಿಗೆ. ‘ಕಡಿಮೆ ಅಥವಾ ಸಮ’ ಎಂಬ ಚಿಹ್ನೆಯ ಬಾಯಿ ಯಾವ ಕಡೆ ತೆರೆದಿದೆ ಎಂಬುದೊಂದೇ ಗೊಂದಲ. ಇದನ್ನು ಸರಿಮಾಡಲು ಉತ್ತರ ಭಾರತದ ಬೋರ್ಡು ಬೇಕಿಲ್ಲ, ಒಂದು ಸೀಸದಕಡ್ಡಿ, ಒಂದು ಹಳೆ ನೋಟ್‌ಬುಕ್ಕು, ತಾಳ್ಮೆಯಿರುವ ಒಬ್ಬ ಮುದುಕ ಇದ್ದರೆ ಸಾಕು. ಅವಳು ಪರೀಕ್ಷೆ-2ಕ್ಕೆ ಹೆಸರು ಕೊಟ್ಟಿದ್ದಾಳೆ.

ಈಗ ಅವಳ ತಂದೆಯ ವಿಷಯ. ತಮ್ಮ ಸಿಬ್ಬಂದಿ ಕ್ಯಾಲ್ಕುಲೇಟರ್ ಒತ್ತಿ, “ವರ್ಷಕ್ಕೆ ಸಿಕ್ಸ್ ಲ್ಯಾಕ್ಸ್, ನಾಲ್ಕು ವರ್ಷಕ್ಕೆ ಟ್ವೆಂಟಿಫೋರ್ ಸರ್, ಅಷ್ಟೇ” ಎಂದರಲ್ಲ, ಆಗ ಬೆಳೆಗಾರರು ಹೆಬ್ಬೆರಳಿನಿಂದ ಬೆರಳ ಗೆಣ್ಣು ಎಣಿಸುತ್ತ ಸುಮ್ಮನೆ ಕೂತಿದ್ದರು. ಅವರು ಹೆದರಿದ್ದಾರೆಂದು ತಮ್ಮವರು ಅಂದುಕೊಂಡಿರಬೇಕು. ಹೊರಗೆ ಬಂದು ಬಸ್‌ಸ್ಟ್ಯಾಂಡಿನ ಕಡೆ ನಡೆಯುವಾಗ ಹೇಳಿದರು:

“ಮೇಷ್ಟ್ರೇ, ದುಡ್ಡು ಎರಡು ರೂಪಾಯಿ ಬಡ್ಡಿಗೆ ತರಬೇಕು. ಆರು ಲಕ್ಷಕ್ಕೆ ತಿಂಗಳಿಗೆ ಹನ್ನೆರಡು ಸಾವಿರ. ವರ್ಷಕ್ಕೆ ಒಂದು ಲಕ್ಷ ನಲವತ್ನಾಲ್ಕು. ಮೊದಲನೇ ವರ್ಷದ ಸಾಲ ನಾಲ್ಕು ವರ್ಷ ಓಡ್ತದೆ, ಎರಡನೇದು ಮೂರು, ಮೂರನೇದು ಎರಡು, ಕೊನೇದು ಒಂದು. ಒಟ್ಟು ಹತ್ತು ವರ್ಷದ ಬಡ್ಡಿ ಆಯ್ತಲ್ಲ? ಹದಿನಾಲ್ಕು ಲಕ್ಷ ನಲವತ್ತು ಸಾವಿರ. ಅಸಲು ಸೇರಿ ಮೂವತ್ತೆಂಟು ಲಕ್ಷ ನಲವತ್ತು. ಆವಯ್ಯ ಇಪ್ಪತ್ನಾಲ್ಕು ಅಂತಾನಲ್ಲ, ಅವನಿಗೆ ಲೆಕ್ಕ ಬರಲ್ವಾ?”

ಮಹಾಶಯರೇ, ಇದು ಎಸ್ಸೆಸ್ಸೆಲ್ಸಿಯ ಸಮಾಂತರ ಶ್ರೇಢಿ. ಒಂದು, ಎರಡು, ಮೂರು, ನಾಲ್ಕು, ಒಟ್ಟು ಹತ್ತು. ನಾನು ಬೋರ್ಡಿನ ಮೇಲೆ ಅದಕ್ಕೊಂದು ಸೂತ್ರ ಬರೆದು ಎಷ್ಟೋ ಬ್ಯಾಚಿಗೆ ನಿದ್ದೆ ತರಿಸಿದ್ದೇನೆ. ಈ ಮನುಷ್ಯ ಎಸ್ಸೆಸ್ಸೆಲ್ಸಿ ಗಣಿತದಲ್ಲಿ ನಪಾಸಾಗಿ ಓದು ಬಿಟ್ಟವರು. ನಮ್ಮ ಇಲಾಖೆಯ ಕಡತದಲ್ಲಿ ಇವರು ಗಣಿತ ಬಾರದವರು, ತಮ್ಮ ಕಡತದಲ್ಲಿ ಸುಲಭದ ಗಿರಾಕಿ. ಮೊಟ್ಟೆ ಎಷ್ಟು ತಂದರೆ ಸೊಪ್ಪು ಎಷ್ಟು ಬೇಕು, ಗೂಡು ಎಷ್ಟು ಇಳಿದೀತು, ಶಿಡ್ಲಘಟ್ಟದ ಮಾರುಕಟ್ಟೆಯಲ್ಲಿ ಇವತ್ತಿನ ಧಾರಣೆಗೆ ಕೊಟ್ಟರೆ ಗಿಟ್ಟೀತೋ ಇಲ್ಲವೋ ಎಂದು ವರ್ಷವಿಡೀ ಬಾಯಲ್ಲೇ ಲೆಕ್ಕ ಹಾಕುವವರ ಮುಂದೆ ತಾವು ಕ್ಯಾಲ್ಕುಲೇಟರ್ ತಿರುಗಿಸಿ ತೋರಿಸಿದಿರಿ.

ಈಗ ಪತ್ರದ ಮುಖ್ಯ ಉದ್ದೇಶ. ತಮ್ಮ ಮೊದಲ ಫೋನಿಗೇ, “ಇವತ್ತು ಬ್ಲಾಕ್ ಮಾಡಿಲ್ಲ ಅಂದ್ರೆ ನಾಳೆ ಸೀಟಿರಲ್ಲ” ಎಂಬ ಮಾತಿಗೆ ಹೆದರಿ ಬೆಳೆಗಾರರು 25,000 ರೂಪಾಯಿ ಕಳಿಸಿದ್ದರು. ತಾವು ವಾಟ್ಸ್ಆ್ಯಪ್‌ನಲ್ಲಿ ಕಳಿಸಿದ ರಸೀದಿ ನನ್ನ ಮುಂದಿದೆ. ‘ಕೌನ್ಸೆಲಿಂಗ್ ಸೇವಾ ಶುಲ್ಕ, ಜಿಎಸ್‌ಟಿ ಸೇರಿ’ ಎಂದಿದೆ. ಜಿಎಸ್‌ಟಿ ನಂಬರ್ ಇರಬೇಕಾದ ಜಾಗದಲ್ಲಿ ಚುಕ್ಕಿ ಸಾಲಿದೆ. ಶೇಕಡಾ 18ರ ಲೆಕ್ಕದಲ್ಲಿ ಅದರೊಳಗೆ 3,814 ರೂಪಾಯಿ ತೆರಿಗೆ. ಆ ಹಣ ಯಾವ ಸರ್ಕಾರಕ್ಕೆ ಸೇರಿತು ಎಂಬುದನ್ನು ಚುಕ್ಕಿಗಳನ್ನೇ ಕೇಳಬೇಕು. ಹಣ ವಾಪಸ್ ಕೇಳಿದರೆ ‘ನಾನ್-ರಿಫಂಡಬಲ್’ ಎಂಬ ಉತ್ತರ. ಬ್ಲಾಕ್ ಮಾಡಿದ ಸೀಟು ಯಾವ ಕಾಲೇಜಿನದು, ಯಾವ ಶಾಖೆಯದು ಎಂದರೆ ಅದಕ್ಕೂ ಉತ್ತರವಿಲ್ಲ. ಕಣ್ಣಿಗೆ ಕಾಣದ ಸೀಟನ್ನು ತಾವು ಬ್ಲಾಕ್ ಮಾಡಿದ್ದು ಹೇಗೆ ಎಂಬುದು ನಮ್ಮಿಬ್ಬರಿಗೂ ಬಿಡಿಸಲಾಗದ ಲೆಕ್ಕ. 2024ರ ಕೊನೆಯಲ್ಲಿ ಸೀಟ್ ಬ್ಲಾಕಿಂಗ್ ಕುರಿತು ಸಿಇಟಿ ನಡೆಸುವ ಪರೀಕ್ಷಾ ಪ್ರಾಧಿಕಾರವೇ ಪೊಲೀಸರಿಗೆ ದೂರು ಕೊಟ್ಟದ್ದು ತಮಗೂ ತಿಳಿದಿರಬಹುದು. ಆ ಲೆಕ್ಕ ಬಿಡಿಸಲು ಈಗ ಬೇರೆಯವರೂ ಕುಳಿತಿದ್ದಾರೆ.

ನಮ್ಮ ಲೆಕ್ಕ ಮಾತ್ರ ಸುಲಭ. 25,000ಕ್ಕೆ ಎರಡು ರೂಪಾಯಿ ಬಡ್ಡಿಯಂತೆ ತಿಂಗಳಿಗೆ 500, ಹಣ ಕಳಿಸಿದ ದಿನದಿಂದ. ಚಕ್ರಬಡ್ಡಿ ಹಾಕೋಣವೆಂದು ನಾನು ಹೇಳಿದೆ. ಬೇಡ ಮೇಷ್ಟ್ರೇ, ಪಾಪ, ಆವಯ್ಯನಿಗೆ ಕಷ್ಟವಾದೀತು ಎಂದರು ಬೆಳೆಗಾರರು. ಬಂದ ದಾರಿಯಲ್ಲೇ, ಅದೇ ಮೊಬೈಲ್ ನಂಬರಿಗೆ ಕಳಿಸಿದರಾಯಿತು. ಕಳಿಸಿದ್ದೇವೆಂದು ತಿಳಿಸಲು ಫೋನ್ ಮಾಡುವ ಶ್ರಮ ಬೇಡ. ರೇಷ್ಮೆಹುಳು ನಾಲ್ಕನೇ ಸಲ ಪೊರೆ ಬಿಟ್ಟು ಜ್ವರದಿಂದ ಎದ್ದಿದೆ. ಹಗಲು ರಾತ್ರಿ ಸೊಪ್ಪು ಹಾಕುವುದೇ ಆಗಿದೆ. ಹುಡುಗಿ ಮಧ್ಯೆ ಮಧ್ಯೆ ಕೋಫ್ಯಾಕ್ಟರ್ ಚಿಹ್ನೆ ಒಪ್ಪಿಸುತ್ತಾಳೆ. ಫೋನ್ ಎತ್ತಲು ಆ ಮನೆಯಲ್ಲಿ ಯಾರಿಗೂ ಪುರುಸೊತ್ತಿಲ್ಲ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ಗಣಿತ ಉಪನ್ಯಾಸಕ